ಡಾಂಬರ್ ಬಂತಲ್ಲೋ ತಮ್ಮಾ

ನಾವೆಲ್ಲ ಕಾಕಾ ಎನ್ನುತ್ತಿದ್ದ ಜೀಪ್ ಡ್ರೈವರರ ಎಡ ಅಂಗೈಯ ನಡುವೆ ಹುಣಸೆಬೀಜದಷ್ಟು ಜಡ್ಡು ಇತ್ತು. ಗೇರಿನ ಪಕ್ಕದ ಸಣ್ಣ ಹಿಡಿಕೆ ಕೊಟ್ಟ ಗುರುತು ಅದು. ಆ ಹಿಡಿಕೆ ಎಳೆದರೆ ಮುಂದಿನ ಎರಡು ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುತ್ತಿತ್ತು. "ಕೆಸರಿನ್ಯಾಗ ಮುಂದಿನವ್ರನ್ನ ಕೆಲಸಕ್ಕ ಕರೀಬೇಕು. ಡಾಂಬರ್ ಬಂದ ಕೂಡ್ಲೆ ಮನಿಗೆ ಕಳಸಬೇಕು. ಇಲ್ಲಾಂದ್ರ ತಿರುವಿನ್ಯಾಗ ಹಿಂದಿನವ್ರ ಜೋಡಿ ಜಗಳಾ ತಗೀತಾರ" ಎನ್ನುತ್ತಿದ್ದರು, ಚಕ್ರಗಳೂ ವಿಜಾಪುರದಿಂದ ತಮ್ಮೊಟ್ಟಿಗೆ ಕೂಲಿಗೆ ಬಂದವೆಂಬಂತೆ.

ಎಪ್ಪತ್ತರ ದಶಕದ ಮಾತು. ಮುಂಬಯಿಯ ಪವಾಯಿಯಲ್ಲಿದ್ದ ಕಲ್ಲು ಕ್ವಾರಿಯಲ್ಲಿ ನಾನು ಗುಮಾಸ್ತ. ಒಂದು ಮಳೆಗಾಲದ ಬೆಳಿಗ್ಗೆ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಮೊಣಕಾಲುದ್ದ ಕೆಸರಿನ ದಾರಿ. ಕಾಕಾ ಹಿಡಿಕೆ ಎಳೆದು, ಅವಸರವಿಲ್ಲದೆ ಜೀಪನ್ನು ಮೇಲೆ ತಂದರು. ದೊಡ್ಡ ರಸ್ತೆ ಸಿಕ್ಕಿತೋ ಇಲ್ಲವೋ, ನಿಲ್ಲಿಸಿಬಿಟ್ಟರು. "ಈಗ್ಯಾಕ ನಿಲ್ಲಿಸಿದ್ರಿ ಕಾಕಾ, ಹೊಡೀರಿ!" ಎಂದು ಕಿರುಚಿದೆ.

"ಡಾಂಬರ್ ಬಂತಲ್ಲೋ ತಮ್ಮಾ" ಎಂದು ಹಿಡಿಕೆ ಬಿಡಿಸಿಯೇ ಪರೇಲ್ ಕಡೆ ಓಡಿಸಿದರು. ಮಗಳು ಅಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದಳು.

ಅಂಥವರ ಪಕ್ಕದಲ್ಲಿ ಕೂತು ನಮ್ಮ ಮ್ಯಾನೇಜರ್ ಸಾಹೇಬರು ಒಣ ಡಾಂಬರಿನ ಮೇಲೆ ಅಪ್ಪಣೆ ಕೊಟ್ಟರು: "ದೋ ಪಹಿಯೇ ಖಾಲಿ ಕ್ಯೂಂ? ಚಾರೋಂ ಕೋ ಕಾಮ್ ಪೆ ಲಗಾವ್!" ಎರಡು ಚಕ್ರ ಯಾಕೆ ಖಾಲಿ, ನಾಲ್ಕನ್ನೂ ಕೆಲಸಕ್ಕೆ ಹಚ್ಚು ಎಂದು. ಸುಮ್ಮನೆ ಕೂತವರನ್ನು ಕಂಡರೆ ಆಗದ ಮನುಷ್ಯ, ಚಕ್ರಗಳನ್ನೂ ಬಿಡಲಿಲ್ಲ. ಕಾಕಾ ಬೇಡವೆಂದರು, ಕೈಮುಗಿದರು; ಸಾಹೇಬರು ಕೇಳದೆ ಹಿಡಿಕೆ ಎಳೆಸಿಯೇ ಬಿಟ್ಟರು. ಹಿಂದಿನ ಸೀಟಿನಲ್ಲಿದ್ದ ನಾನು ಎಲ್ಲ ಕೇಳಿಸಿಕೊಂಡೆ. ಒಂದು ವಾರ ಜೀಪು ತಿರುವು ತಿರುವಿನಲ್ಲೂ ಮುಗ್ಗರಿಸಿತು. ಆಮೇಲೆ ಗೇರ್‌ಬಾಕ್ಸ್ ಖಟ್ಟೆಂದು ಒಡೆಯಿತು.

ವರದಿಯಲ್ಲಿ ಸಾಹೇಬರು ಏನು ಬರೆಸಿದರು ಗೊತ್ತೆ? ಡ್ರೈವರ್ ಹಿಡಿಕೆ ಬಿಡಿಸಲು ಮರೆತಿದ್ದಾನೆ! ಮರೆತಿದ್ದಾನಂತೆ! ನನ್ನ ಹೆಂಡತಿ ಹಲ್ಲುಕಚ್ಚಿ ನರಳುವಾಗಲೂ ಮರೆಯದ ಮನುಷ್ಯ! ನೆನೆದರೆ ಈಗಲೂ ಮೈ ಉರಿಯುತ್ತದೆ. ಸಾಹೇಬರಿಗೆ ನಾಚಿಕೆ ಇರಲಿಲ್ಲ, ಸರಿ. ಸಾಕ್ಷಿಯೆಂದು ಅದರ ಕೆಳಗೆ ರುಜು ಹಾಕಿದ ನನಗೇನು ಧಾಡಿಯಾಗಿತ್ತು? ನೌಕರಿ ಹೋದೀತೆಂಬ ಹೆದರಿಕೆ, ಅಷ್ಟೇ.

ಹೋದದ್ದು ಕಾಕಾ ಅವರ ನೌಕರಿ. ಆ ದಿನವೂ ಅವರು ನನ್ನನ್ನು ಬೈಯಲಿಲ್ಲ. "ಹೊಸಾ ಡ್ರೈವರ್‌ಗ ಡಾಂಬರಿಂದು ಹೇಳು ತಮ್ಮಾ, ಗಾಡಿ ಹಾಳಾಗಬಾರ್ದು" ಎಂದು ಚಾವಿ ನನ್ನ ಕೈಗಿಟ್ಟು, ದಹಿಸರ್‌ನಲ್ಲಿದ್ದ ತಮ್ಮನ ಮನೆಗೆ ಹೋದರು. ಮತ್ತೆ ಸಿಗಲಿಲ್ಲ.

ಹೊಸಬನಿಗೆ ಹೇಳಿದೆ. ಸಾಹೇಬರು ಸುತ್ತಮುತ್ತ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಪಿಸುಮಾತಿನಲ್ಲಿ ಹೇಳಿದೆ.