ಗುವಾಹಟಿಗೆ ಎಷ್ಟು ಹೆಪ್ಪು

ನಮ್ಮ ಕಡೆ ಪ್ರಯಾಣಕ್ಕೆ ಮೊಸರನ್ನದ ಬುತ್ತಿ ಕಟ್ಟುವಾಗ ಅನ್ನಕ್ಕೆ ಹಾಲು ಕಲಸಿ, ಹೆಪ್ಪಿಗೆ ಒಂದಿಷ್ಟು ಮೊಸರು ಹಾಕುತ್ತೇವೆ. ಊರು ಮುಟ್ಟುವ ಹೊತ್ತಿಗೆ ಅದು ತಾನೇ ಮೊಸರನ್ನವಾಗಿರುತ್ತದೆ. ದೂರದ ಊರಿಗೆ ಹೆಪ್ಪು ಕಡಿಮೆ, ಹತ್ತಿರದ್ದಕ್ಕೆ ಹೆಚ್ಚು. ಸಂತೇಬೆನ್ನೂರಿನಿಂದ ಹೊರಟು, ಚನ್ನಗಿರಿಯಲ್ಲಿ ಬಸ್ಸು ಬದಲಿಸಿ, ಸವಳಂಗ ಸೇರಲು ಮೂರು ತಾಸು. ಅದಕ್ಕೆ ನಾಲ್ಕು ಚಮಚ. ನನ್ನ ಲೆಕ್ಕ ಎಂದೂ ತಪ್ಪಿರಲಿಲ್ಲ.

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಇನ್ನೂ ಹೊಟ್ಟೆಯಲ್ಲಿದ್ದಾಗ ನಿಮ್ಮ ಅಪ್ಪನಿಗೆ ಗುವಾಹಟಿಗೆ ವರ್ಗವಾಗಿತ್ತು. ನಿಮ್ಮ ಅವ್ವನಿಗೆ ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ. ಫೋನಿನಲ್ಲಿ ಅತ್ತಳು.

"ನಿನ್ನ ಬುತ್ತಿ ತಿನ್ನಬೇಕು ಅನ್ನಿಸ್ತೈತೆ ಅವ್ವಾ. ಇಲ್ಲೇ ಮಾಡ್ಕಂಡ್ರೆ ಆ ರುಚಿ ಬರಲ್ಲ. ದಾರಿಯಾಗೆ ಕುಲುಕಿದ್ದೇ ಬೇಕು."

ಹೋಗಲೇಬೇಕಾಯಿತು. ನಿಮ್ಮ ಅಜ್ಜ ಹೋದ ಮೇಲೆ ನಾನು ಒಬ್ಬಳೇ ಹೊರಟದ್ದು ಅದೇ ಮೊದಲು. ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿದು, ಬೆಳಗ್ಗೆ ಹಾಲನ್ನ ಕಲಸುತ್ತಾ ಕೇಳಿದೆ.

"ಗುವಾಹಟಿ ಎಷ್ಟು ದೂರ ಐತೋ?"

ಅವನು ಫೋನು ನೋಡಿ, "ಎರಡು ಸಾವಿರ ಕಿಲೋಮೀಟರ್ ಮೇಲೈತೆ ಅಕ್ಕಾ. ಮೂರು ತಾಸು," ಅಂದ.

"ಹಂಗಾದ್ರೆ ಸವಳಂಗ."

"ಏನು ಸವಳಂಗ?"

"ನಾಲ್ಕು ಚಮಚ."

"ವಿಮಾನಕ್ಕೂ ಹೆಪ್ಪು ಹಾಕ್ತೀಯಲ್ಲ! ನಿನಗೆ ಕೈ ಮುಗೀಬೇಕು ತಾಯಿ."

ಮೊದಲೇ ಹಾಕಿದರೆ ಹುಳಿಯಾದೀತೆಂದು, ವಿಮಾನ ಹತ್ತುವ ಮುಂಚೆ ನಿಲ್ದಾಣದ ಕುರ್ಚಿಯಲ್ಲೇ ಕುಳಿತು ಹೆಪ್ಪು ಹಾಕಿದೆ. ಪಕ್ಕದ ಹೆಂಗಸು ಒಂದು ಕುರ್ಚಿ ಆಚೆ ಸರಿದಳು.

ಒಳಗೆ ಕೂತ ಮೇಲೆ ಗೊತ್ತಾಯಿತು. ವಿಮಾನದಲ್ಲಿ ಮಾಗಿಯ ಚಳಿ! ಚಳಿಯಲ್ಲಿ ಹಾಲು ಹೆಪ್ಪಾಗುವುದಿಲ್ಲ. ತಮ್ಮ ಗಂಟೆ ಹೇಳಿದ್ದ, ಚಳಿ ಹೇಳಿರಲಿಲ್ಲ. ಡಬ್ಬಿಯನ್ನು ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡು ಬಗ್ಗಿ ಕೂತೆ. ವಿಮಾನದ ಹುಡುಗಿ ಬಂದು ಹಿಂದಿಯಲ್ಲಿ ಏನೋ ಕೇಳಿದಳು. ನಾಚಿಕೆಯಿಂದ ತಲೆಯಾಡಿಸಿದೆ. ಹೊಟ್ಟೆನೋವೆಂದು ತಿಳಿದಳೋ ಏನೋ, ಬಿಸಿನೀರು ತಂದುಕೊಟ್ಟಳು. ಅವಳು ಅತ್ತ ಹೋದದ್ದೇ ಲೋಟವನ್ನು ಡಬ್ಬಿಗೆ ಒತ್ತಿ ಹಿಡಿದೆ. ಪಾಪ, ಮೂರು ಸಲ ತಂದಳು.

ಮನೆ ಮುಟ್ಟಿದ ಕೂಡಲೇ ನಿಮ್ಮ ಅವ್ವ ಡಬ್ಬಿ ತೆಗೆದು ಬೆರಳು ನೆಕ್ಕಿದಳು. ಮುಖ ಬಾಡಿತು.

"ಅವ್ವಾ, ಇದು ಹಾಲನ್ನ!"

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಡಬ್ಬಿಯನ್ನು ಬಾಲ್ಕನಿಯ ಬಿಸಿಲಿಗಿಟ್ಟೆ. ಅವಳು ಅದರ ಮುಂದೆಯೇ ಕೂತಳು. ನಿಮ್ಮ ಅಪ್ಪ ಬಗ್ಗಿ ನೋಡಿ, "ಎಲ್ಲಿಗೆ ಬಂತ್ರೀ ಅತ್ತೆ?" ಅಂದರು.

ಎಂದೂ ಅವರೆದುರು ಮಾತಾಡದ ನಾನು ಅಂದುಬಿಟ್ಟೆ: "ಈಗ ಚನ್ನಗಿರಿ ದಾಟೈತೆ ನೋಡ್ರಿ."

ಅದು ಸವಳಂಗ ಮುಟ್ಟಿದಾಗ ಅವಳು ತಟ್ಟೆಗೂ ಕಾಯದೆ ಡಬ್ಬಿಯಲ್ಲೇ ಉಂಡಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಒಂದು ತಾಸಾಯಿತು, ಎರಡಾಯಿತು. ಉಂಡದ್ದು ನಿಂತಿತು.

ಸಂಜೆ ಡಬ್ಬಿ ತೊಳೆದು ನನ್ನ ಕೈಗಿಟ್ಟು ಕೇಳಿದಳು: "ಊರಿಗೆ ಯಾವಾಗ ಹೋಗ್ತಿ ಅವ್ವಾ? ಇನ್ನೊಂದು ಬುತ್ತಿ ತರಾಕೆ."