ಸಾಂಬಾರು ಚೆಲ್ಲದ ಕಾರು

ಅಮೆರಿಕದ ಸುವಾನಿ ಎಂಬ ಊರಿನಲ್ಲಿದ್ದಾಗ ನನಗೂ ಪಕ್ಕದ ಬೀದಿಯ ಮಂಗಳೂರಿನ ಗೆಳೆಯನಿಗೂ ಕಾರಿನ ವಿಷಯಕ್ಕೆ ಸದಾ ಜಗಳ. ಇಬ್ಬರದೂ ಅಲ್ಲಿನ ಸಾದಾ ಸೆಡಾನ್‌ಗಳೇ, ಕಂಪನಿ ಮಾತ್ರ ಬೇರೆ. ಮೈಲೇಜು, ಟ್ರಂಕು, ಎ.ಸಿ. ಎಲ್ಲದರಲ್ಲೂ ಸಮಸಮ ಬಂದಮೇಲೆ ಉಳಿದದ್ದು ಒಂದೇ ಪರೀಕ್ಷೆ: ಮನೆಗೊಂದು ಅಡುಗೆ ತಂದು ಎಲ್ಲರೂ ಕೂಡಿ ಉಣ್ಣುವ ಪಾಟ್‌ಲಕ್ ಊಟಕ್ಕೆ ಒಯ್ಯುವ ಸಾಂಬಾರು. ಹಿಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ ಪಾತ್ರೆ ಇಟ್ಟು, ಸುತ್ತ ಟವೆಲ್ ತುರುಕಿ ಹೊರಟರೂ ಊಟ ನಡೆಯುವ ನಾರ್‌ಕ್ರಾಸ್ ತಲುಪುವಷ್ಟರಲ್ಲಿ ನಮ್ಮ ಕಾರ್ಪೆಟ್ಟಿನ ಊಟ ಮುಗಿದಿರುತ್ತಿತ್ತು. ನಮಗಿಂತ ಮೊದಲೇ ಬಂದಿರುತ್ತಿದ್ದ ಗೆಳೆಯನ ಮನೆಯವರ ಕಾರಿನಲ್ಲಿ ಒಂದು ತೊಟ್ಟೂ ಚೆಲ್ಲಿರುತ್ತಿರಲಿಲ್ಲ.

“ಸಸ್ಪೆನ್ಶನ್ ಅಂದ್ರೆ ಇದು ಮಾರಾಯ!” ಎಂದು ಅವನು ಕಾರು ತಟ್ಟಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಎರಡು ವರ್ಷ ತಡೆದುಕೊಂಡು, ಕೊನೆಗೆ ನನ್ನ ಕಾರು ಮಾರಿ ಅವನದೇ ಮಾಡೆಲ್ ಕೊಂಡೆ. ಮೊದಲ ಪಾಟ್‌ಲಕ್ಕಿಗೇ ಅರ್ಧ ಪಾತ್ರೆ ಖಾಲಿ. ಸಿಟ್ಟು ತಡೆಯದೆ ಅವನನ್ನೇ ತರಾಟೆಗೆ ತೆಗೆದುಕೊಂಡೆ.

ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ನಕ್ಕುಬಿಟ್ಟರು. “ಸಾಂಬಾರ್ ಇದ್ದ ದಿನ ಇವ್ರಿಗೆ ನಾನು ಕೀ ಕೊಡುದೇ ಇಲ್ಲ. ನಾನೇ ಡ್ರೈವ್ ಮಾಡುದು.”

ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ, ಕೀ ಕೊಡು ಎನ್ನುವಂತೆ ನನ್ನತ್ತ ಕೈ ಚಾಚಿದಳು.