ಅಜ್ಜಿಯ ಪಿತೂರಿ

ಆಗೆಲ್ಲ ಮದ್ರಾಸಿನ ಬೇಸಿಗೆ ಎಂದರೆ ನನಗೆ ಹಿತ್ತಲಲ್ಲಿ ಸಂಡಿಗೆ ಕಾಯುವ ಕೆಲಸ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಸಿಮೆಂಟ್ ಕಟ್ಟೆಯ ಮೇಲೆ ಅಜ್ಜಿ ಹಳೇ ಸೀರೆ ಹಾಸಿ, ಇಂಗು, ಹಸಿಮೆಣಸಿನಕಾಯಿ ಘಮ್ಮೆನ್ನುವ ಹಿಟ್ಟು ಇಟ್ಟರೆ ಕಾಗೆಗಳಿಗೂ ನನಗೂ ಒಂದೇ ಆಸೆ. ಅರೆ ಒಣಗಿದ ಸಂಡಿಗೆಯ ರುಚಿ ತಿಂದವರಿಗೇ ಗೊತ್ತು.

ಎಗ್ಮೋರ್ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಸಂಜೆ ನನಗೆ ಕನ್ನಡ ಪದ ಕಲಿಸುತ್ತಿದ್ದರು. ನಾನು ಬಾಯಿ ತೆರೆದರೆ ತಮಿಳು, ಅದೇ ಅವರ ಸಂಕಟ. ಒಂದು ದಿನ ಪಿತೂರಿ ಎಂಬ ಪದ ಬಂತು.

"ಎದುರಿಗೆ ನಗ್ತಾ ಇದ್ದು ಹಿಂದಿನಿಂದ ಸಂಚು ಮಾಡೋದು. ಮಾಡೋನು ಪಿತೂರಿಗಾರ. ಅರಬ್ಬಿ ಕಡೆ ಮಾತಂತೆ, ಮರಾಠಿ ಹಾದು ನಮ್ಮಲ್ಲಿಗೆ ಬಂತಂತೆ."

"ನಮ್ಮನೇಲಿ ಯಾರಪ್ಪಾ ಪಿತೂರಿಗಾರ?"

"ನಮ್ಮನೇಲಿ ಯಾಕಿರ್ತಾನೆ?" ಎಂದು ಅಪ್ಪ ನಕ್ಕರು.

ನನಗೆ ಸಮಾಧಾನವಾಗಲಿಲ್ಲ. ಅಷ್ಟು ದೂರದಿಂದ ಬಂದ ಪದ ನಮ್ಮ ಮನೆಯೊಂದನ್ನೇ ಬಿಟ್ಟು ಹೋಗಿರುತ್ತದೆಯೇ? ಎಲ್ಲರ ಮುಖ ನೋಡುತ್ತಾ ಸುತ್ತಿದೆ, ಕೂತಲ್ಲಿ ಕೂರಲಾರದೆ. ಮನೆಯಲ್ಲಿ ಗುಸುಗುಸು ಇದ್ದೇ ಇತ್ತು. ಅಪ್ಪನ ತಂಗಿ ಸರೋಜತ್ತೆಯನ್ನು ನೋಡಲು ಭಾನುವಾರ ಗಂಡಿನವರು ಬರುವವರಿದ್ದರು. ಅದೇ ಭಾನುವಾರ ಅವಳಿಗೆ ಬ್ಯಾಂಕ್ ಪರೀಕ್ಷೆ. "ಮದುವೆ ಆಗೋಳಿಗೆ ಕೆಲಸ ಯಾಕೆ?" ಎಂದು ಅಪ್ಪ ಮಾತು ಮುಗಿಸಿಬಿಟ್ಟರು. ಅಜ್ಜಿಯೂ ನಗುತ್ತಾ "ಅವನು ಹೇಳೋದೇ ಸರಿ" ಎಂದಳು. ಅತ್ತೆ ಊಟ ಬಿಟ್ಟಳು.

ಶನಿವಾರ ಅಜ್ಜಿ ಅಪ್ಪನಿಗೆ ಹೇಳಿದಳು: "ಸರೋಜ ಹೊರಗಾಗಿದ್ದಾಳೆ ಕಣೋ. ಅವರನ್ನ ಮುಂದಿನ ವಾರ ಬರಕ್ಕೆ ಹೇಳು."

ಮುಟ್ಟಾದವರು ಮೂರು ದಿನ ಹಿತ್ತಲ ಕೋಣೆಯಲ್ಲೇ ಇರಬೇಕು. ಗಂಡಸರು ಅತ್ತ ತಲೆ ಹಾಕುವಂತಿಲ್ಲ. ಅಜ್ಜಿಯ ಮಡಿಯೆಂದರೆ ಬೀದಿಗೆಲ್ಲ ಗೊತ್ತಿದ್ದ ಮಡಿ. ಅವಳ ಮಾತನ್ನು ಅನುಮಾನಿಸುವವರು ಯಾರು?

ಭಾನುವಾರ ಬೆಳಗ್ಗೆ ಕಾಗೆ ಓಡಿಸುತ್ತಾ ಆ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ಚಾಪೆ, ಚೊಂಬು ಇದ್ದವು. ಅತ್ತೆ ಇರಲಿಲ್ಲ, ಅವಳ ಚಪ್ಪಲಿಯೂ ಇರಲಿಲ್ಲ. ತಿರುಗಿದರೆ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ನಾನು ಕಿಟಕಿ ಬಿಟ್ಟು ಮತ್ತೆ ಕಾಗೆ ಓಡಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಅಪ್ಪ ಹಿತ್ತಲ ಬಾಗಿಲಿಗೆ ಬಂದರು. "ಸರೋಜಂದು ಸದ್ದೇ ಇಲ್ಲ. ಒಳಗಿದ್ದಾಳೇನೇ?"

"ತೆರಿಯಾದುಪ್ಪಾ" ಎಂದೆ. ಗೊತ್ತಿಲ್ಲ ಅನ್ನುವ ಕನ್ನಡ ನನಗೆ ಚೆನ್ನಾಗಿಯೇ ಬರುತ್ತಿತ್ತು.

"ಮತ್ತೆ ತಮಿಳು. ಇಷ್ಟು ದಿನ ಕಲಿಸಿದ್ದೆಲ್ಲ ದಂಡ." ಬೈಯುತ್ತಾ ಬೈಯುತ್ತಾ ಅಪ್ಪ ಕೇಳಿದ್ದನ್ನೇ ಮರೆತು ಒಳಗೆ ಹೋದರು.

ಅಜ್ಜಿ ಒಂದು ಹಸಿ ಸಂಡಿಗೆ ಕಿತ್ತು ನನ್ನ ಬಾಯಿಗೆ ತುರುಕಿದಳು. "ಭಲೇ ಪಿತೂರಿಗಾರ್ತಿ."

ಅತ್ತೆ ಬ್ಯಾಂಕ್ ಸೇರಿದಳು, ತಾನು ಒಪ್ಪಿದವನನ್ನೇ ಮದುವೆಯಾದಳು. ಅಪ್ಪನಿಗೆ ಕೊನೆಯವರೆಗೂ ವಿಷಯ ತಿಳಿಯಲಿಲ್ಲ. ಈಗ ಆ ಹಿತ್ತಲ ಕೋಣೆಯಿಲ್ಲ, ಹೊರಗೆ ಕೂರಿಸುವ ಪದ್ಧತಿಯೂ ಇಲ್ಲ. ಹೋದದ್ದು ಒಳ್ಳೆಯದೇ ಆಯಿತು. ಅಜ್ಜಿ ಹೋದದ್ದು ಮಾತ್ರ ಇಂದಿಗೂ ಹೊಟ್ಟೆ ಸಂಕಟ. ಜೀವಮಾನವೆಲ್ಲ ಕಾಪಾಡಿಕೊಂಡ ಮಡಿಯನ್ನು ಮಗಳಿಗಾಗಿ ಒಂದು ಸುಳ್ಳಿಗೆ ಒತ್ತೆಯಿಟ್ಟವಳು ಅವಳು. ಆಮೇಲೆ ನನಗೂ ಕಷ್ಟದ ದಿನಗಳು ಬಂದವು. ಬುದ್ಧಿ ಹೇಳಲು ಬೇಕಾದಷ್ಟು ಜನ ಇದ್ದರು. ನನಗಾಗಿ ಪಿತೂರಿ ಮಾಡುವವರು ಯಾರೂ ಇರಲಿಲ್ಲ.